ಠರಾವಿನ ಕೆಳಗೆ ಬಿಟ್ಟ ನಾಲ್ಕು ಸಾಲು

ಇದನ್ನು ಹೇಳಬೇಕೆಂದುಕೊಂಡು ಬಹಳ ವರ್ಷಗಳಾದವು. ನಿವೃತ್ತಿಯಾಗಲಿ, ಆಮೇಲೆ ಹೇಳೋಣ ಎಂದೆ. ನಿವೃತ್ತಿಯಾಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ನಿಧಾನಕ್ಕೆ ಬರೆಯೋಣ ಎಂದೆ. ಅದೂ ಮುಗಿಯಿತು. ಆಮೇಲೆ ಮಳೆ, ಮೊಮ್ಮಗಳ ಮದುವೆ, ಮೊಣಕಾಲು. ನೌಕರಿಯಲ್ಲಿದ್ದಾಗ ಜನರ ಅರ್ಜಿಗಳನ್ನು ಮುಂದಿನ ಸೋಮವಾರಕ್ಕೆ ಹೇಗೆ ತಳ್ಳುತ್ತಿದ್ದೆನೋ ಹಾಗೆಯೇ ಇದನ್ನೂ ತಳ್ಳುತ್ತ ಬಂದೆ. ಈಗ ತಳ್ಳುವುದಕ್ಕೂ ದಣಿವಾಗಿದೆ.

ವಿಷಯ ದೊಡ್ಡದಲ್ಲ. ಓದುವ ಒಂದು ಹುಡುಗಿಯ ಒಂದು ವರ್ಷ ನನ್ನಿಂದ ಹಾಳಾಯಿತು. ಯಾರೂ ಸಾಯಲಿಲ್ಲ, ಯಾರ ಮನೆಯೂ ಬೀಳಲಿಲ್ಲ. ಆದರೂ ಇಷ್ಟು ವರ್ಷ ಅದು ನನ್ನೊಳಗಿಂದ ಎದ್ದು ಹೋಗಿಲ್ಲ.

ನಾನು ಮ್ಯಾಟ್ರಿಕ್ ಪಾಸಾದವನು. ಗ್ರಾಮ ಪಂಚಾಯತಿಯ ಕಾರ್ಯದರ್ಶಿಯಾಗಲು ಆ ಕಾಲಕ್ಕೆ ಅಷ್ಟು ಓದು ಸಾಕಾಗಿತ್ತು. ಮೊದಲ ಕೆಲಸ ಕಿತ್ತೂರಿನ ಕಡೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ನನಗೆ ಕೆಲಸ ಕಲಿಸಿದವನು ಒಬ್ಬ ಹಳೆಯ ಗುಮಾಸ್ತ. ಊರಿನ ಸಭೆ ಮಾಡಿದ ತೀರ್ಮಾನವನ್ನು ನಾವು ಠರಾವು ಅನ್ನುತ್ತೇವೆ. ಅದನ್ನು ಒಂದು ದೊಡ್ಡ ಪುಸ್ತಕದಲ್ಲಿ ಬರೆದು, ಕೆಳಗೆ ಬಂದವರ ಸಹಿ, ಓದು ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಗುಮಾಸ್ತ ನನಗೆ ಮೊದಲ ದಿನವೇ ಹೇಳಿದ್ದ:

"ತಮ್ಮಾ, ಠರಾವ್ ಬರಿ. ಅದರ ಕೆಳಗ ನಾಲ್ಕ ಸಾಲ ಖಾಲಿ ಬಿಡು. ಆಮ್ಯಾಲೆ ಸಹಿ ತಗೋ. ದೊಡ್ಡವರ ಮನಸ ಯಾವಾಗ ಯಾ ಕಡೆ ಹೊಳ್ಳತೈತೋ ಹೇಳಾಕ ಬರೂದಿಲ್ಲ."

ಅದನ್ನು ಅವನು ಮೋಸವೆಂದು ಕಲಿಸಲಿಲ್ಲ, ನಾನೂ ಮೋಸವೆಂದು ಕಲಿಯಲಿಲ್ಲ. ಪುಸ್ತಕಕ್ಕೆ ರಟ್ಟು ಹಾಕುವುದು, ಶಿಕ್ಕಾ ಅಂದರೆ ಮೊಹರು ಒತ್ತುವುದು, ನಾಲ್ಕು ಸಾಲು ಬಿಡುವುದು, ಎಲ್ಲವೂ ಒಂದೇ ಜಾತಿಯ ಕೆಲಸ. ಇಪ್ಪತ್ತು ವರ್ಷ ಹಾಗೆಯೇ ಬಿಡುತ್ತ ಬಂದೆ. ಹೆಚ್ಚಿನ ಸಲ ಆ ಸಾಲುಗಳಲ್ಲಿ ಏನೂ ಬರೆಯಬೇಕಾಗುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಸವದತ್ತಿ ತಾಲೂಕಿನಲ್ಲಿ, ಹೂಲಿಯಿಂದ ಸ್ವಲ್ಪ ಆಚೆಗಿನ ಒಂದು ಹಳ್ಳಿಯಲ್ಲಿದ್ದೆ. ಹೆಂಡತಿ ನಮ್ಮೂರು ದೊಡವಾಡದಲ್ಲಿ. ಅವಳಿಗೆ ಸಂಧಿವಾತ. ಬೆಳಿಗ್ಗೆ ಕೈಬೆರಳು ಮಡಚಲು ಬರುತ್ತಿರಲಿಲ್ಲ. ಕೊಡ ಎತ್ತುವುದು ದೂರದ ಮಾತು. ನಾನು ಸವದತ್ತಿಯಲ್ಲಿ ಒಂದು ಕೋಣೆ ಹಿಡಿದು, ವಾರಕ್ಕೊಮ್ಮೆ ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಮನೆಗೆ ಹೋಗುತ್ತಿದ್ದೆ. ಒಂದೂವರೆ ದಿನ ಇದ್ದು ಬರುವಾಗ ಅವಳು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದಳು: "ಬದಲಿದು ಏನಾತ್ರಿ?" ಬದಲಿ ಅಂದರೆ ವರ್ಗಾವಣೆ. ಬೈಲಹೊಂಗಲ ತಾಲೂಕಿಗೆ ವರ್ಗ ಕೇಳಿ ಅರ್ಜಿ ಕೊಟ್ಟು ಕೊಟ್ಟು ನನಗೆ ಬೇಸರವಾಗಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಆ ಹುಡುಗಿ ಬಂದಳು. ಕೈಯಲ್ಲಿ ಕಾಲೇಜಿನ ಪತ್ರ, ಹೆಗಲಿಗೆ ಬಟ್ಟೆಯ ಚೀಲ. ರಾಮದುರ್ಗದವಳು, ತಂದೆ ನೇಕಾರರು. ಧಾರವಾಡದಲ್ಲಿ ಸಮಾಜಕಾರ್ಯದ ಎಂ.ಎ. ಓದುತ್ತಿದ್ದಳು. ಅದರಲ್ಲಿ ಸಮುದಾಯ ಅಭಿವೃದ್ಧಿಯ ಯೋಜನೆ ಎಂಬುದು ಆಕೆಯ ವಿಷಯ. ಅಂದರೆ ಒಂದು ಊರಿಗೆ ಏನು ಬೇಕು ಎಂಬುದನ್ನು ಊರಿನವರ ಬಾಯಿಂದಲೇ ತಿಳಿದು, ಅವರ ಕೈಯಿಂದಲೇ ಯೋಜನೆ ಮಾಡಿಸುವ ವಿದ್ಯೆ. ಎರಡು ತಿಂಗಳು ಹಳ್ಳಿಯಲ್ಲಿದ್ದು ಒಂದು ಯೋಜನೆ ಮಾಡಿಸಬೇಕು. ಕೊನೆಗೆ ಆಕೆಯ ಮೇಷ್ಟರು ಬಂದು ನೋಡುತ್ತಾರೆ. ಅವರು ಒಪ್ಪಿದರೆ ಆ ವರ್ಷವೇ ಪದವಿ, ಒಪ್ಪದಿದ್ದರೆ ಇನ್ನೊಂದು ವರ್ಷ. ಇದನ್ನೆಲ್ಲ ಆಕೆಯೇ ಹೇಳಿದಳು. ಬಂಧುಗಳ ಮಾತು ಕೇಳದೆ ತಂದೆ ಓದಲು ಕಳಿಸಿದ್ದಾರೆ, ಎರಡೇ ವರ್ಷ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದಾರೆ ಎಂಬುದನ್ನೂ ಹೇಳಿದಳು.

ನಾನು ಪತ್ರ ಓದಿ ಕೇಳಿದೆ: "ಎಂ.ಎ. ಅಂದ್ರ ಏನವ್ವಾ ಹಂಗಾರ? ಊರಾಗ ಅಡ್ಡಾಡೂದೇನು?"

"ಹೌದ್ರಿ ಕಾಕಾ. ಅಡ್ಡಾಡೂದ ಮೊದಲ ಕಲೀಬೇಕಂತ ನಮ್ಮ ಸರ್ ಹೇಳ್ತಾರ."

"ಅದು ನಮ್ಮ ಎಮ್ಮಿಗೂ ಬರತೈತಿ."

"ಎಮ್ಮಿ ಬಂದು ಬರಕೊಳ್ಳೂದಿಲ್ಲಲ್ರಿ," ಎಂದು ನಕ್ಕಳು. ಕಚೇರಿಯ ಸಿಪಾಯಿಯೂ ನಕ್ಕ. ನಾನೂ ನಕ್ಕೆ.

ಅಂಗನವಾಡಿ ಟೀಚರ ಮನೆಯಲ್ಲಿ ಆಕೆಗೆ ಇರಲು ಜಾಗವಾಯಿತು. ಮೊದಲ ವಾರ ಆಕೆ ನಿಜವಾಗಿಯೂ ಅಡ್ಡಾಡಿದಳು, ಅಷ್ಟೇ. ಊರಿನ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ, ಜೊತೆಗೆ ಯಾರಾದರೊಬ್ಬ ಮುದುಕನನ್ನೋ ಮುದುಕಿಯನ್ನೋ ಕರೆದುಕೊಂಡು. ಮಳೆನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ಕೇಳುವಳು. ಗಂಡ ಹೇಳಿದ್ದನ್ನು ಕೇಳಿ, ಆತ ಹೊಲಕ್ಕೆ ಹೋದ ಮೇಲೆ ಹೆಂಡತಿಯನ್ನೂ ಅದೇ ಮಾತು ಕೇಳುವಳು. ಮಾತಾಡುವಾಗ ಪೆನ್ನು ಹೊರಗೆ ತೆಗೆಯುತ್ತಿರಲಿಲ್ಲ. ಯಾಕೆಂದು ಕೇಳಿದೆ.

"ಪೆನ್ನ ನೋಡಿದ್ರ ಮಂದಿ ಸರಕಾರಕ್ಕ ಹೇಳಿದಂಗ ಹೇಳ್ತಾರ್ರಿ ಕಾಕಾ. ಸಂಜಿಕ ಕುಂತು ಬರಕೋತೇನಿ. ಮರುದಿನ ಓದಿ ಹೇಳ್ತೇನಿ. ತಪ್ಪಿದ್ರ ಅವರ ತಿದ್ದತಾರ."

ಇಪ್ಪತ್ತು ವರ್ಷ ಊರುಗಳಲ್ಲಿ ಕೆಲಸ ಮಾಡಿದ್ದೆ. ಬರೆದದ್ದನ್ನು ಒಬ್ಬ ಹೆಂಗಸಿಗೂ ಓದಿ ಹೇಳಿದ್ದು ನೆನಪಿಲ್ಲ. ಆಕೆ ಅದನ್ನು ಓದಿನ ಪಾಠವೆಂದು ಮಾಡುತ್ತಿದ್ದಳು, ಆದರೆ ನೋಡುವವರಿಗೆ ಅದು ಮರ್ಯಾದೆಯಾಗಿ ಕಾಣುತ್ತಿತ್ತು.

ಎರಡನೆಯ ವಾರ ಕೆಳಗಿನ ಓಣಿಯ ಗುಡಿಯ ಮುಂದೆ ಹೆಂಗಸರನ್ನು ಸೇರಿಸಿದಳು. ನನ್ನನ್ನೂ ಕರೆದಿದ್ದಳು. ರಂಗೋಲಿ ಹಿಟ್ಟು, ಇಟ್ಟಂಗಿ ಪುಡಿ, ಜೋಳದ ಕಾಳು ಕೊಟ್ಟು ಊರಿನ ನಕಾಶೆಯನ್ನು ನೆಲದ ಮೇಲೆ ಬರೆಯಿರಿ ಎಂದಳು. ಪೆನ್ಸಿಲು ಹಿಡಿಯದ ಕೈಗಳು ಅರ್ಧ ತಾಸಿನಲ್ಲಿ ಇಡೀ ಊರನ್ನು ಬಿಡಿಸಿದವು. ಉಪ್ಪುನೀರಿನ ಬೋರಿಂಗು ಎಲ್ಲಿ, ಕಾಲು ಜಾರುವ ಇಳಿಜಾರು ಎಲ್ಲಿ, ಎಲ್ಲ ಅದರಲ್ಲಿತ್ತು. ನನ್ನ ಕಚೇರಿಯ ಗೋಡೆಯ ಮೇಲಿನ ನಕಾಶೆಯಲ್ಲಿ ಕೆಳಗಿನ ಓಣಿಯೇ ಸರಿಯಾಗಿರಲಿಲ್ಲ.

ಆಮೇಲೆ ಕಾಗದವನ್ನು ದುಂಡಗೆ ಕತ್ತರಿಸಿ ದೊಡ್ಡವು ಸಣ್ಣವು ರೊಟ್ಟಿ ಮಾಡಿಟ್ಟಳು. "ಊರಾಗ ನಿಮಗ ಯಾರಿಂದ ಎಷ್ಟ ಉಪಯೋಗ ಐತಿ ನೋಡ್ರಿ. ಬಾಳ ಇದ್ರ ದೊಡ್ಡ ರೊಟ್ಟಿ. ಕರದ ಕೂಡ್ಲೆ ಬರೂವಂಥವರಿದ್ರ ನಿಮ್ಮ ಹತ್ರ ಇಡ್ರಿ. ಬರಲಾರದವರಿದ್ರ ದೂರ ಇಡ್ರಿ."

ಹಿಟ್ಟಿನ ಗಿರಣಿಗೆ ಎಲ್ಲಕ್ಕಿಂತ ದೊಡ್ಡ ರೊಟ್ಟಿ ಸಿಕ್ಕಿತು. ಸೂಲಗಿತ್ತಿಗೆ ದೊಡ್ಡದು. ಬಸ್ಸಿಗೆ ಮಧ್ಯಮ. ಪಂಚಾಯತಿಯ ಸರದಿ ಬಂದಾಗ, ಆ ಓಣಿಯ ಹಿರಿಯ ಮುದುಕಿಯೊಬ್ಬಳು ಎಲ್ಲಕ್ಕಿಂತ ಸಣ್ಣ ರೊಟ್ಟಿ ಎತ್ತಿಕೊಂಡು, ಎದ್ದು ಹೋಗಿ, ಗಟಾರದ ದಂಡೆಯಲ್ಲಿಟ್ಟು ಬಂದಳು.

"ಅಷ್ಟ ದೂರ ಯಾಕ ಬೇ ಆಯಿ?" ಎಂದಳು ಹುಡುಗಿ.

"ಅಲ್ಲೇ ಇರಲಿ ಬಿಡ. ಹತ್ರ ತಂದ್ರ ಹೆಬ್ಬಟ್ಟ ಕೇಳತೈತಿ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಯಾರೋ ನನ್ನ ಕಡೆ ಕಣ್ಣು ಮಾಡಿದರು. ಮುದುಕಿ ತಿರುಗಿ ನೋಡಿ, "ಅಯ್ಯ, ಸೆಕ್ರೆಟ್ರಿ ಸಾಹೇಬ್ರು ಇಲ್ಲೇ ಅದಾರಲ್ಲ! ಸಿಟ್ಟಾಗಬ್ಯಾಡ್ರಿ ಯಪ್ಪಾ, ಒಂಚೂರ ಸರಸತೇನಿ," ಎಂದು ಕಾಲಿನಿಂದ ಆ ರೊಟ್ಟಿಯನ್ನು ಎರಡು ಬೆರಳಷ್ಟು ಈಚೆಗೆ ತಂದಳು. ನಗೆ ಇನ್ನೂ ಹೆಚ್ಚಾಯಿತು. ಹುಡುಗಿಯೂ ನಕ್ಕಳು. ತಡೆಯಲು ನೋಡಿದಳು, ಆದರೆ ನಕ್ಕಳು.

ನಾನೂ ನಕ್ಕಂತೆ ಮಾಡಿ ಎದ್ದು ಬಂದೆ. ಕಚೇರಿಗೆ ಬಂದು ಕುಳಿತ ಮೇಲೆ ಕಿವಿ ಬಿಸಿಯಾಗಿತ್ತು. ಒಂದು ಕಾಗದದ ರೊಟ್ಟಿಗೆ ಮನುಷ್ಯನಿಗೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಿಕೊಳ್ಳಲಿಲ್ಲ.

ಆ ವರ್ಷ ಕುಡಿಯುವ ನೀರಿನ ಟಾಕಿ ಕಟ್ಟಲು ಸರಕಾರದ ಆದೇಶ ಬಂದಿತ್ತು. ಜಾಗವನ್ನು ಊರಿನ ಸಭೆಯೇ ಗೊತ್ತುಮಾಡಿ ಠರಾವು ಕಳಿಸಬೇಕು. ಹುಡುಗಿ ಇದನ್ನೇ ತನ್ನ ಯೋಜನೆಯಾಗಿ ತೆಗೆದುಕೊಂಡಳು. ಮೂರು ಜಾಗಗಳನ್ನು ಹೆಂಗಸರೇ ಹೇಳಿದರು. ಮೂರು ತಾಟು ಇಟ್ಟು, ಒಬ್ಬೊಬ್ಬರ ಕೈಗೂ ಹುಣಸೆ ಬೀಜ ಕೊಟ್ಟು, ಬೇಕಾದ ತಾಟಿಗೆ ಹಾಕಿಸಿದಳು. ಕೆಳಗಿನ ಓಣಿಯ ಬೇವಿನ ಗಿಡದ ಜಾಗಕ್ಕೆ ತಾಟು ತುಂಬಿತು. ಅಷ್ಟಕ್ಕೇ ಬಿಡದೆ, ಬೀಜ ಕಡಿಮೆ ಬಿದ್ದ ಕಡೆಯ ಮೂರು ಮನೆಗಳಿಗೆ ಹೋಗಿ, ನಿಮಗೆ ತೊಂದರೆಯಾಗುತ್ತದೆಯೇ ಎಂದು ಕೇಳಿ ಬಂದಳು. ಸೋತವರ ಮನೆಗೆ ಹೋಗಿ ಕೇಳುವುದೂ ಓದಿನ ಭಾಗವೆಂದು ನಾನು ಅವತ್ತೇ ತಿಳಿದದ್ದು.

ಸಭೆಗೆ ಹೆಂಗಸರು ತುಂಬ ಬಂದಿದ್ದರು. ನಾನು ಠರಾವು ಬರೆದೆ: ಟಾಕಿಯನ್ನು ಕೆಳಗಿನ ಓಣಿಯ ಬೇವಿನ ಗಿಡದ ಹತ್ತಿರ ಕಟ್ಟತಕ್ಕದ್ದು. ಹುಡುಗಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಆಮೇಲೆ ಪುಟ ನೋಡಿ ಕೇಳಿದಳು:

"ಕಾಕಾ, ಇಲ್ಲಿ ನಾಲ್ಕ ಸಾಲ ಯಾಕ ಖಾಲಿ ಬಿಟ್ಟೀರಿ?"

"ರೂಢಿ ಅವ್ವಾ. ಏನರ ಮರತಿದ್ರ ಸೇರಸಾಕ."

ಆಕೆ ಮತ್ತೊಮ್ಮೆ ಪುಟ ನೋಡಿದಳು. ಹೆಂಗಸರು ಮನೆಗೆ ಹೋಗುವ ಅವಸರದಲ್ಲಿದ್ದರು. ಆಮೇಲೆ ಆಕೆಯೇ ಶಾಯಿಯ ಪ್ಯಾಡು ಹಿಡಿದು ನಿಂತು, ಒಬ್ಬೊಬ್ಬರ ಹೆಬ್ಬೆಟ್ಟು ಹಾಕಿಸಿದಳು. ಮೊದಲು ಹಾಕಿದವಳು ಆ ಮುದುಕಿ. "ನೀ ಹಿಡದಿ ಅಂತ ಹಾಕತೇನಿ ನೋಡವಾ," ಎಂದು ಹುಡುಗಿಗೆ ಹೇಳಿಯೇ ಹಾಕಿದಳು.

ಮೂರು ದಿನ ಬಿಟ್ಟು ಪಂಚಾಯತಿಯ ಅಧ್ಯಕ್ಷರು ಕಚೇರಿಗೆ ಬಂದರು. ಅವರ ಮನೆ ಮೇಲಿನ ಓಣಿಯಲ್ಲಿ. ಚಹಾ ಕುಡಿದು, ಕಪ್ಪು ಕೆಳಗಿಡುತ್ತ ಹೇಳಿದರು: "ಟಾಕಿ ಮ್ಯಾಲಿನ ಓಣಿಗೆ ಆಗಬೇಕ್ರಿ. ಎತ್ತರದಾಗ ಇದ್ರ ನೀರ ಎಲ್ಲಾ ಕಡೆ ಇಳೀತಾವ. ಠರಾವ್ ನೋಡಿ ಮಾಡ್ರಿ."

"ಸಭಾದಾಗ ಆಗೇತಲ್ರಿ."

"ಸಭಾ ಆದ್ರ ಆಗಲಿ. ಪುಸ್ತಕ ನಿಮ್ಮ ಕೈಯಾಗ ಐತಲ್ಲ." ಎದ್ದು ನಿಂತು, "ನಿಮ್ಮ ಬದಲಿದು ನಾ ಮಾತಾಡೇನಿ. ನೇಸರಗಿ ಕಡೆ ಒಂದ ಜಾಗಾ ಖಾಲಿ ಆಗತೈತಿ. ಮನಿಗೆ ಹತ್ರ ಆಕ್ಕೈತಿ," ಎಂದರು.

ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಅದೇ ಪೆನ್ನಿನಿಂದ, ಅದೇ ಅಕ್ಷರದಲ್ಲಿ ನಾಲ್ಕು ಸಾಲು ತುಂಬಿದೆ. ಸದರಿ ಜಾಗವು ತಗ್ಗಿನಲ್ಲಿರುವುದರಿಂದ ಟಾಕಿಯನ್ನು ಮೇಲಿನ ಓಣಿಯಲ್ಲಿ ಕಟ್ಟಲು ಸಭೆಯು ಒಪ್ಪಿತು ಎಂದು ಬರೆದೆ. ಅಧ್ಯಕ್ಷರು ಕೇಳಿದ್ದು ಅಷ್ಟೇ. ಎರಡೂವರೆ ಸಾಲಿಗೆ ಅದು ಮುಗಿದಿತ್ತು. ಉಳಿದ ಜಾಗದಲ್ಲಿ ನಾನು ಇನ್ನೊಂದು ಮಾತು ಸೇರಿಸಿದೆ: ಈ ಬದಲಾವಣೆಯನ್ನು ಕ್ಷೇತ್ರಕಾರ್ಯಕ್ಕೆ ಬಂದ ವಿದ್ಯಾರ್ಥಿನಿಯು ಸೂಚಿಸಿದ್ದು, ಮಹಿಳೆಯರು ಒಪ್ಪಿರುತ್ತಾರೆ.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಬದಲಿಯ ಆಸೆಗೆ ಬರೆದೆ, ಹೆಂಡತಿಯ ಕೈನೋವಿಗೆ ಬರೆದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಮೊದಲ ಎರಡೂವರೆ ಸಾಲಿನ ಮಟ್ಟಿಗೆ ಅದು ಖರೆ. ಕೊನೆಯ ಒಂದೂವರೆ ಸಾಲು ಬರೆದದ್ದು ಆ ಸಣ್ಣ ರೊಟ್ಟಿಯ ಸಿಟ್ಟಿಗೆ, ಆಕೆ ನಕ್ಕಿದ್ದಕ್ಕೆ, ಮ್ಯಾಟ್ರಿಕ್ ಓದಿದ ನಾನು ಇಪ್ಪತ್ತು ವರ್ಷದಲ್ಲಿ ಮಾಡದ್ದನ್ನು ಆಕೆ ಆರು ವಾರದಲ್ಲಿ ಮಾಡಿದ್ದಕ್ಕೆ.

ಮೇಲಿನ ಓಣಿಯಲ್ಲಿ ಬುನಾದಿ ತೋಡಲು ಶುರುವಾದ ದಿನ ಹೆಂಗಸರು ಕಚೇರಿಗೆ ಬಂದರು. ನಾನು ಪುಸ್ತಕ ತೆರೆದು ಓದಿದೆ. ಕೊನೆಯ ಸಾಲನ್ನೂ ಓದಿದೆ. ಮುದುಕಿ ಬಗ್ಗಿ ನೋಡಿದಳು. ಅಕ್ಷರ ಬಾರದಿದ್ದರೂ ತನ್ನ ಹೆಬ್ಬೆಟ್ಟು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

"ಹಂಗಾರ ಆ ಹುಡಗಿ ನಮ್ಮ ಮುಂದ ಒಂದ ಓದಿ, ಇಲ್ಲಿ ಬ್ಯಾರೇದ ಬರಿಸಿದ್ಲೇನು?"

ನಾನು ಪುಸ್ತಕ ಮುಚ್ಚಿದೆ. ಅದೇ ಉತ್ತರವಾಯಿತು.

ಮರುದಿನದಿಂದ ಆಕೆ ಓಣಿಗೆ ಹೋದರೆ ಯಾರೂ ಚಾಪೆ ಹಾಸಲಿಲ್ಲವಂತೆ. ಮುದುಕಿ ಬಾಗಿಲಲ್ಲೇ, "ಓದಿದಾಕಿ ಅಂತ ನಂಬಿದ್ದೆ. ನಡಿ ತಂಗಿ, ನಿನ್ನ ಊರಿಗೆ ನಡಿ," ಎಂದಳಂತೆ. ಹುಡುಗಿ ಅಲ್ಲಿಂದ ನೇರ ನನ್ನ ಕಚೇರಿಗೆ ಬಂದು, ಪುಸ್ತಕ ತೆಗೆಸಿ, ನಿಂತುಕೊಂಡೇ ಓದಿದಳು. ಅಳಲಿಲ್ಲ. "ಕಾಕಾ, ನಮ್ಮ ಸರ್ ಬರೂರ ಅದಾರ. ಅವರ ಮುಂದರ ಖರೇ ಹೇಳ್ರಿ," ಎಂದಳು.

ಆ ವಾರದಲ್ಲೇ ಮೇಷ್ಟರು ಬಂದರು. ಶಿಸ್ತಿನ ಮನುಷ್ಯ. ಮೊದಲು ಓಣಿಗೆ ಹೋಗಿ ಹೆಂಗಸರನ್ನು ಕೇಳಿ, ಆಮೇಲೆ ಕಚೇರಿಗೆ ಬಂದು ಪುಸ್ತಕ ಓದಿದರು. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು.

"ಸರ್, ಈ ನಾಲ್ಕ ಸಾಲ ಅವತ್ತ ಇದ್ದಿಲ್ರಿ. ಖಾಲಿ ಇತ್ತು."

"ಖಾಲಿ ಇದ್ದದ್ದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಗೊತ್ತಿದ್ದೂ ಹೆಬ್ಬಟ್ಟ ಹಾಕಿಸಿದಿ?"

"ರೂಢಿ ಐತಿ ಅಂದ್ರು ಸರ್. ಕಾಕಾರ ಹೇಳಿದ್ರು."

ಮೇಷ್ಟರು ನನ್ನ ಕಡೆ ತಿರುಗಿದರು. "ಏನ್ರಿ ಸೆಕ್ರೆಟ್ರಿಯವರ, ಈ ಸಾಲ ಆಮ್ಯಾಲೆ ಬರದದ್ದೇನು?"

"ಇಲ್ರಿ ಸರ್. ಎಲ್ಲಾ ಅವತ್ತೇ ಬರದದ್ದು."

ಇಷ್ಟು ಸಣ್ಣ ಮಾತು. ಆಕೆ ನನ್ನನ್ನು ನೋಡಿದಳು. ನಾನು ಪುಸ್ತಕದ ರಟ್ಟು ನೋಡಿದೆ. ಮೇಷ್ಟರು ಆಕೆಯ ಡೈರಿಯಲ್ಲಿ ಏನೋ ಬರೆದು ಮುಚ್ಚಿದರು. ಸಮುದಾಯದ ವಿಶ್ವಾಸ ಕಳೆದುಕೊಂಡ ಕೆಲಸವನ್ನು ಒಪ್ಪಲಾಗುವುದಿಲ್ಲ, ಮುಂದಿನ ವರ್ಷ ಬೇರೆ ಊರಿನಲ್ಲಿ ಮತ್ತೆ ಮಾಡಬೇಕು ಎಂದು ಬಾಯಿಂದಲೂ ಹೇಳಿದರು. ಅವರದೇನೂ ತಪ್ಪಿಲ್ಲ. ಅವರ ಕಣ್ಣಿಗೆ ಕಂಡದ್ದು ಅದು.

ಹತ್ತು ದಿನದ ಮೇಲೆ ಒಬ್ಬರು ಕಚೇರಿಗೆ ಬಂದರು. ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚೀಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದರು. ನನ್ನ ಕಚೇರಿಗೆ ಯಾರೂ ಚಪ್ಪಲಿ ಬಿಟ್ಟು ಬರುತ್ತಿರಲಿಲ್ಲ. ಹುಡುಗಿಯ ತಂದೆ. ರಾಮದುರ್ಗದಿಂದ ಬೆಳಗಿನ ಬಸ್ಸಿಗೆ ಹೊರಟಿದ್ದರು.

"ಕುಂದರ್ರಿ," ಎಂದೆ. ಚಹಾ ತರಿಸಿದೆ.

"ಸಾಹೇಬ್ರ, ನಾ ಜಗಳಾ ಮಾಡಾಕ ಬಂದಿಲ್ರಿ," ಎಂದರು. "ನಮ್ಮ ಹುಡುಗಿ, ಆ ಸಾಲ ಆಕಿ ಬರಿಸಿಲ್ಲಂತ ಹೇಳ್ತಾಳ. ಮಾಸ್ತರ ನಂಬವಲ್ಲರು. ಮಗಳು ಹೇಳ್ತಾಳಂತ ನಾ ನಂಬಬೇಕು, ಪುಸ್ತಕದಾಗ ಐತಂತ ಅದನ್ನೂ ನಂಬಬೇಕು. ಎರಡೂ ಹ್ಯಾಂಗ ಆಗತೈತ್ರಿ? ನೀವು ಒಂದ ಮಾತ ಹೇಳ್ರಿ. ನೀವು ಹೇಳಿದ್ದ ಖರೇ ಅಂತ ತಿಳಕೊಂಡ ಹೋಗ್ತೇನಿ. ಆಕಿದು ತಪ್ಪಿಲ್ಲಂದ್ರ ಒಂದ ಕಾಗದ ಬರದ ಕೊಡ್ರಿ. ಆಕಿ ವರ್ಷ ಉಳೀತೈತಿ."

ಕಾಗದ ನನ್ನ ಮುಂದೆಯೇ ಇತ್ತು, ಪೆನ್ನೂ ಇತ್ತು. ಬದಲಿಯ ಆದೇಶ ಇನ್ನೂ ಬಂದಿರಲಿಲ್ಲ. ನಾನು ನಿಟ್ಟುಸಿರು ಬಿಟ್ಟಂತೆ ಮಾಡಿ ಹೇಳಿದೆ:

"ಹುಡುಗಿ ಇನ್ನೂ ಸಣ್ಣಾಕಿ ಐತಿ. ತಪ್ಪ ಆಕ್ಕಾವ್ರಿ. ನಾ ಏನೂ ಮನಸಿಗೆ ಹಚಗೊಂಡಿಲ್ಲ. ನೀವೂ ಬಾಳ ಬೈಬ್ಯಾಡ್ರಿ."

ಅವರು ಕಪ್ಪು ಕೆಳಗಿಟ್ಟರು. ಆಮೇಲೆ ಎದ್ದು ಎರಡೂ ಕೈ ಜೋಡಿಸಿ, "ದೊಡ್ಡ ಮನಸ ನಿಮ್ಮದು," ಎಂದು ಹೇಳಿ ಹೋದರು. ಸುಳ್ಳು ಮಾತ್ರ ಹೇಳಿದ್ದರೆ ಅದು ಒಂದು ತಪ್ಪು. ಸುಳ್ಳು ಹೇಳಿ ದೊಡ್ಡ ಮನಸ್ಸಿನವನೆಂದು ಅನ್ನಿಸಿಕೊಂಡೆ. ಅದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ.

ನನಗೆ ನೇಸರಗಿಯ ಕಡೆ ಬದಲಿಯಾಯಿತು. ಹೆಂಡತಿಯ ಕೊಡ ನಾನೇ ಎತ್ತತೊಡಗಿದೆ. ನೆಮ್ಮದಿಯಾಗಬೇಕಿತ್ತು. ಆದರೆ ಹೊಸ ಊರಿನಲ್ಲಿ ಮೊದಲ ಸಭೆಯ ಠರಾವು ಬರೆಯುವಾಗ ನಾಲ್ಕು ಸಾಲು ಬಿಡುವಲ್ಲಿ ಕೈ ನಿಂತಿತು. ಬಿಡದೆ ಬರೆದೆ. ಆಮೇಲೆ ಯಾವತ್ತೂ ಬಿಡಲಿಲ್ಲ. ಅದರಿಂದ ಆಕೆಗೇನೂ ಲಾಭವಾಗಲಿಲ್ಲ.

ಏಳೆಂಟು ವರ್ಷಗಳು ಹೋದವು. ನಿವೃತ್ತಿಗೆ ಸ್ವಲ್ಪ ದಿನ ಇರುವಾಗ ಬೈಲಹೊಂಗಲದಲ್ಲಿ ನಮಗೆಲ್ಲ ಒಂದು ತರಬೇತಿ ಇಟ್ಟಿದ್ದರು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತ ಕುಳಿತಿದ್ದೆ. ಹೇಳಲು ಬಂದವಳು ಸೀರೆ ಉಟ್ಟ ಹೆಣ್ಣುಮಗಳು. ದನಿ ಕೇಳಿ ತಲೆ ಎತ್ತಿದೆ. ಆಕೆಯೇ. ಊರಿನ ಯೋಜನೆಯನ್ನು ಊರಿನವರ ಜೊತೆ ಹೇಗೆ ಮಾಡಬೇಕೆಂದು ಹೇಳುತ್ತಿದ್ದಳು. ಮೊದಲು ಅಡ್ಡಾಡಬೇಕು, ಒಂದೇ ಪ್ರಶ್ನೆ ಮೂವರಿಗೆ ಕೇಳಬೇಕು, ಸುಮ್ಮನೆ ಕುಳಿತವರ ಮಾತು ಕೊನೆಗಾದರೂ ಕೇಳಬೇಕು, ಬರೆದದ್ದನ್ನು ಓದಿ ಹೇಳಬೇಕು. ಕೊನೆಗೆ ಬೋರ್ಡಿನ ಮೇಲೆ ಒಂದು ಠರಾವು ಬರೆದು, ಕೆಳಗೆ ಉಳಿದ ಜಾಗಕ್ಕೆ ಅಡ್ಡಡ್ಡ ಗೆರೆ ಹೊಡೆದು, "ಹಿಂಗ ಹೊಡದ ಮ್ಯಾಲೇನ ಹೆಬ್ಬಟ್ಟ ಹಾಕಸ್ರಿ," ಎಂದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಊಟದ ಹೊತ್ತಿಗೆ ಕೈತೊಳೆಯುವಲ್ಲಿ ಹತ್ತಿರ ಬಂದಳು. "ಕಾಕಾ, ಆರಾಮ ಅದೀರಿ? ಊಟಾ ಆತೇನ್ರಿ?"

ಅಲ್ಲೇ, ಒದ್ದೆ ಕೈಯಲ್ಲೇ, ಎಲ್ಲ ಹೇಳಿದೆ. ನಾಲ್ಕು ಸಾಲು ತುಂಬಿದ್ದು, ಕೊನೆಯದನ್ನು ನಾನೇ ಸೇರಿಸಿದ್ದು, ಯಾಕೆ ಸೇರಿಸಿದ್ದು. "ತಪ್ಪಾತವ್ವಾ," ಎಂದೆ.

"ರೊಟ್ಟಿ ಸಲುವಾಗಿ?" ಎಂದಳು. ನಗೆ ಬಂದಂತಾಗಿ ನಿಂತಿತು. "ಇರಲಿ ಬಿಡ್ರಿ. ವರ್ಷ ಹೋತು, ಮುಂದ ಪದವಿ ಬಂತು. ಖಾಲಿ ಐತಿ ಅಂತ ಗೊತ್ತಿದ್ದೂ ನಾ ಹಾಕಿಸಿದ್ದು ಖರೇನ ಅಲ್ರಿ? ಅದು ನಂದ ತಪ್ಪು. ನನಗ ನೀವು ತಪ್ಪಾತು ಅಂದದ್ದ ಸಾಕ್ರಿ. ಆದ್ರ ಅಪ್ಪ..."

"ಏನಾತವ್ವಾ ಅಪ್ಪಾರಿಗೆ?"

"ಆರಾಮ ಅದಾನ. ಆದ್ರ ಅವತ್ತ ನೀವು ಹೇಳಿದ್ದ ಖರೇ ಅಂತ ಇವತ್ತಿಗೂ ನಂಬ್ಯಾನ. ನಾ ಎಷ್ಟ ಹೇಳಿದ್ರೂ, ಅಂಥಾ ಮನಷ್ಯಾ ಸುಳ್ಳ ಹೇಳೂದಿಲ್ಲ ಅಂತಾನ. ಒಮ್ಮೆ ಬಂದು ಅವನ ಮುಂದ ಹೇಳ್ತೀರೇನ್ರಿ?"

"ಹೇಳ್ತೇನವ್ವಾ," ಎಂದೆ. ಮಾತು ಕೊಟ್ಟೆ.

ನಿವೃತ್ತಿಯಾದ ಮೇಲೆ ಮೊದಲು ಆ ಹಳ್ಳಿಗೆ ಹೋದೆ. ಮುದುಕಿ ಇನ್ನೂ ಇದ್ದಳು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ತಪ್ಪಾಯಿತೆಂದು ಕೈಮುಗಿದು ಎಲ್ಲ ಹೇಳಿದೆ. "ಈಗ ಮನಿಮನಿಗೆ ನಳಾ ಬಂದಾವ. ಈಗ ಬಂದು ಹೇಳ್ತಿ," ಎಂದಳು. ಆಮೇಲೆ, "ಆ ಹುಡಗೀನ ಬಾಗಲದಿಂದ ಹೊಳ್ಳಿ ಕಳಿಸಿದೆನಲ್ಲೋ ಯಪ್ಪಾ," ಎಂದು ತನಗೆ ತಾನೇ ಅಂದುಕೊಂಡಳು. ಅದು ಕ್ಷಮೆಯಲ್ಲ. ಆದರೆ ನಾನು ಕೇಳಿದ್ದೆ.

ಅಲ್ಲಿಂದ ರಾಮದುರ್ಗಕ್ಕೆ ಹೋದೆ. ಬಿಸಿಲು ಇಳಿಯುವ ಹೊತ್ತು. ಓಣಿಯ ತುಂಬ ಮಗ್ಗದ ಸದ್ದು. ಮನೆ ಕೇಳಿಕೊಂಡು ಹೋದಾಗ ಅವರು ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದರು. ನನ್ನ ಗುರುತು ಹತ್ತಿದ ಕೂಡಲೇ ರಾಟಿ ಬಿಟ್ಟು ಎದ್ದರು.

"ಬರ್ರಿ ಸಾಹೇಬ್ರ, ಬರ್ರಿ! ಏ, ಯಾರ ಬಂದಾರ ನೋಡ, ಚಾ ಇಡು." ಪಕ್ಕದ ಮನೆಯ ಇಬ್ಬರನ್ನು ಕೂಗಿ ಕರೆದರು. "ನಮ್ಮ ಹುಡುಗಿ ಓದೋ ಮುಂದ ಇದ್ದ ಸೆಕ್ರೆಟ್ರಿ ಸಾಹೇಬ್ರು. ನಾ ಹೇಳತಿದ್ದಿಲ್ಲಾ? ಅವರ ಇವರು."

ನಾನು ಕುಳಿತೆ. ಅವರೇ ಮಾತಾಡಿದರು. "ಅವತ್ತ ನಿಮ್ಮ ಊರಿಂದ ಬಂದು ಆಕಿಗೆ ಬಾಳ ಬೈದ್ನಿ. ತಪ್ಪ ಮಾಡಿ ಹಿರ್ಯಾರ ಮ್ಯಾಲೆ ಹಾಕತಿ ಅಂತ ಎರಡ ತಿಂಗಳ ಮಾತಾಡಿದ್ದಿಲ್ರಿ. ಆದ್ರ ಆ ಪೆಟ್ಟಿಗೇ ಸುಧಾರಿಸಿದ್ಲು ನೋಡ್ರಿ. ಇವತ್ತ ನಿಮ್ಮಂಥವರಿಗೇ ಪಾಠ ಹೇಳ್ತಾಳ. ಅವತ್ತ ನೀವು ಆಕಿ ತಪ್ಪ ಹೊಟ್ಟ್ಯಾಗ ಹಾಕ್ಕೊಂಡ್ರಿ. ಆಕಿ ನಿಮ್ಮ ಕಡೆ ತಪ್ಪಾತು ಅಂದಾಳೋ ಇಲ್ಲೋ ಗೊತ್ತಿಲ್ಲ. ನಾ ಅಂತೇನ್ರಿ. ಮನಸಿನ್ಯಾಗ ಇಟಗೋಬ್ಯಾಡ್ರಿ."

ಕೈ ಜೋಡಿಸಿದರು. ಪಕ್ಕದ ಮನೆಯವರು ತಲೆ ತೂಗಿದರು.

"ಒಂದ ಮಾತ ಹೇಳೂದಿತ್ರಿ," ಎಂದೆ.

"ಹೇಳ್ರಿ ಸಾಹೇಬ್ರ."

ಅವರ ಮುಖ ನೋಡಿದೆ. ಹೇಳಿದರೆ ಏನಾಗುತ್ತದೆ ಎಂದು ಕಾಣಿಸಿತು. ಮಗಳ ಜೊತೆ ಎರಡು ತಿಂಗಳು ಮಾತು ಬಿಟ್ಟದ್ದು ಅನ್ಯಾಯವಾಗಿತ್ತೆಂದು ಈ ವಯಸ್ಸಿನಲ್ಲಿ ಗೊತ್ತಾಗುತ್ತದೆ. ಮುದುಕನ ಜೀವಕ್ಕೆ ಯಾಕೆ ನೋವು ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇದು ಪೂರ್ತಿ ಖರೆಯಲ್ಲ. ಆ ಪಡಸಾಲೆಯಲ್ಲಿ ನಾನು ದೊಡ್ಡ ಮನುಷ್ಯನಾಗಿ ಕುಳಿತಿದ್ದೆ. ಅಲ್ಲಿಂದ ಕೆಳಗಿಳಿಯಲು ನನ್ನಿಂದಾಗಲಿಲ್ಲ.

"ಚಾ ಚೊಲೋ ಆಗಿತ್ರಿ," ಎಂದೆ.

ಹೊರಡುವಾಗ ತಾವೇ ನೇಯ್ದ ಒಂದು ವಸ್ತ್ರ ತಂದು ನನ್ನ ಹೆಗಲಿಗೆ ಹೊದಿಸಿದರು. ಬೇಡವೆನ್ನಲಿಲ್ಲ.

ಆ ವಾರ ಆಕೆ ಫೋನ್ ಮಾಡಿದಳು. "ಹೇಳಿದ್ರೇನ್ರಿ ಕಾಕಾ?"

"ಮಂದಿ ಕುಂತಿದ್ರವ್ವಾ. ಇನ್ನೊಮ್ಮೆ ಹೋಗ್ತೇನಿ."

"ಹೂಂನ್ರಿ," ಎಂದಳು. ಆಮೇಲೆ ಆ ಮಾತು ಮತ್ತೆ ಕೇಳಲಿಲ್ಲ.

ಇನ್ನೊಮ್ಮೆ ಹೋಗಲಿಲ್ಲ. ಬಸ್ಸಿನ ನೆಪ, ಬಿಸಿಲಿನ ನೆಪ. ಒಂದು ಸಲ ಬೈಲಹೊಂಗಲದ ಬಸ್ ಸ್ಟ್ಯಾಂಡಿನವರೆಗೂ ಹೋಗಿ ತಿರುಗಿ ಬಂದೆ. ಹೋದ ವರ್ಷ ಆಕೆಯ ಫೋನ್ ಮತ್ತೆ ಬಂತು. ತಂದೆ ತೀರಿಕೊಂಡಿದ್ದರು. ಎರಡು ದಿನ ಮೈಯಲ್ಲಿ ಆರಾಮಿರಲಿಲ್ಲವಂತೆ, ಮೂರನೆಯ ದಿನ ಮಲಗಿದಲ್ಲೇ ಹೋದರಂತೆ. "ನಿಮಗ ಹೇಳಬೇಕನಿಸ್ತು," ಎಂದು ಇಟ್ಟಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕೊನೆಯವರೆಗೂ ಅವರು ಮಗಳಿಗಿಂತ ನನ್ನನ್ನೇ ನಂಬಿದರು.

ಆಕೆಯಲ್ಲಿ ಕೇಳಿದೆ. ಆ ಓಣಿಯ ಮುದುಕಿಯಲ್ಲಿ ಕೇಳಿದೆ. ನಾನು ಕ್ಷಮೆ ಕೇಳದೆ ಉಳಿದವರು ಒಬ್ಬರೇ: ರಾಮದುರ್ಗದ ಆ ನೇಕಾರರು, ಆಕೆಯ ತಂದೆ.